ಆಗಿಬರದ ಔಷಧ: ಪ್ರತಿಜೀವಕಗಳ ಅಲರ್ಜಿ ಮತ್ತು ಸುರಕ್ಷಿತ ಚಿಕಿತ್ಸೆಯ ಆಯ್ಕೆ

ಶ್ರೀಮಠದ ಜಾತ್ರೆಯ ಸಂದರ್ಭದಲ್ಲಿ ನಡೆಯುವ ಉಚಿತ ಆರೋಗ್ಯ ತಪಾಸಣಾ ಶಿಬಿರದಲ್ಲಿ ನಾನು ಹಲವು ವರ್ಷಗಳಿಂದ ಕುಳಿತುಕೊಳ್ಳುತ್ತ ಬಂದಿದ್ದೇನೆ. ಅಲ್ಲಿಗೆ ಬರುವವರ ಬಾಯಿಂದ ಅತಿ ಹೆಚ್ಚು ಸಲ ಕೇಳಿರುವ ಮಾತುಗಳಲ್ಲಿ "ಆ ಔಷಧ ನನಗ ಆಗಿಬರಂಗಿಲ್ರಿ" ಎಂಬುದೂ ಒಂದು. ಈ ಮಾತನ್ನು ಕೇಳಿದ ಕೂಡಲೇ ಔಷಧದ ಚೀಟಿ ಬದಲಾಗುತ್ತದೆ. ಆದರೆ ಏನು ಆಗಿಬರಲಿಲ್ಲ, ಯಾವಾಗ, ಹೇಗೆ ಎಂದು ವಿಚಾರಿಸುವವರು ವಿರಳ. ವಿಚಾರಿಸದಿದ್ದರೆ ಎರಡು ಬಗೆಯ ಅನಾಹುತಗಳು ಸಂಭವಿಸುತ್ತವೆ. ನಿಜವಾಗಿ ಅಲರ್ಜಿ ಇದ್ದವರಿಗೆ ಅದೇ ಔಷಧ ಬೇರೊಂದು ಹೆಸರಿನಲ್ಲಿ ಮತ್ತೆ ಸೇರುತ್ತದೆ. ಅಲರ್ಜಿಯೇ ಇಲ್ಲದವರು ಉತ್ತಮ ಔಷಧವೊಂದರಿಂದ ಜೀವಮಾನವಿಡೀ ವಂಚಿತರಾಗುತ್ತಾರೆ.

ಎರಡು ವರ್ಷಗಳ ಹಿಂದೆ ಶಿಬಿರಕ್ಕೆ ಬಂದಿದ್ದ ರೈತರೊಬ್ಬರನ್ನು ಇಲ್ಲಿ ನೆನೆಯುತ್ತೇನೆ. ವಯಸ್ಸು ಐವತ್ತೈದರ ಆಸುಪಾಸು. ಹತ್ತು ವರ್ಷಗಳ ಸಕ್ಕರೆ ಕಾಯಿಲೆ, ಬಲಗಾಲಿನ ಹೆಬ್ಬೆರಳಿನ ಬುಡದಲ್ಲಿ ಮಾಯದ ಹುಣ್ಣು. ಅವರ ಪತ್ನಿ ಕ್ಯಾರಿಬ್ಯಾಗಿನಲ್ಲಿ ಜೋಪಾನವಾಗಿ ಇಟ್ಟುಕೊಂಡಿದ್ದ ಫೈಲಿನ ಮೇಲೆ ಕೆಂಪು ಶಾಯಿಯಲ್ಲಿ "ಪೆನಿಸಿಲಿನ್ ಅಲರ್ಜಿ" ಎಂದು ದಪ್ಪಗೆ ಬರೆದಿತ್ತು. ಆ ಎರಡು ಪದಗಳ ದೆಸೆಯಿಂದ ಅವರಿಗೆ ಮೂರು ಸಲ ದುಬಾರಿ ಇಂಜೆಕ್ಷನ್ನುಗಳ ಚಿಕಿತ್ಸೆ ನಡೆದಿತ್ತು.

"ಪೆನ್ಸಿಲಿನ್ ಕೊಟ್ಟಾಗ ಏನಾಗಿತ್ತು ಗೌಡ್ರ?" ಎಂದು ಕೇಳಿದೆ.

"ನಾ ಸಣ್ಣಾವ ಇದ್ದಾಗಿನ ಮಾತ್ರಿ. ಸೂಜಿ ಮಾಡಿದ ಕೂಡ್ಲೇ ಕಣ್ಣಿಗೆ ಕತ್ತಲಿ ಬಂದು ಬಿದ್ದಿದ್ನಂತ್ರಿ. ಆವಾಗಿಂದ ನಮ್ಮವ್ವ ಎಲ್ಲಾ ಡಾಕ್ಟರಿಗೂ ಹೇಳ್ಕೋತ ಬಂದಾಳ್ರಿ."

"ಮೈಮ್ಯಾಲ ಗಂಧೆ ಎದ್ದಿದ್ವೇನು? ತುಟಿ ಬಾತಿತ್ತೇನು? ಉಸಿರು ಕಟ್ಟಿತ್ತೇನು?"

"ಅದೇನೂ ಇಲ್ರಿ. ಮಾರಿಗೆ ನೀರು ಹೊಡದ ಮ್ಯಾಲ ಎದ್ದು ಕುಂತು ಚಹಾ ಕುಡದ್ನಂತ."

ಇದು ಅಲರ್ಜಿಯಲ್ಲ. ಸೂಜಿಯ ಭಯದಿಂದ ನಾಡಿ ನಿಧಾನವಾಗಿ, ಮುಖ ಬಿಳಿಚಿ, ಕ್ಷಣಕಾಲ ಮೂರ್ಛೆ ಬರುವುದುಂಟು. ಮಲಗಿಸಿದ ಕೂಡಲೇ ಅದು ತಿಳಿಯಾಗುತ್ತದೆ. ಔಷಧದ ತೀವ್ರ ಅಲರ್ಜಿಯಲ್ಲಾದರೋ ನಾಡಿ ಸಾಮಾನ್ಯವಾಗಿ ವೇಗಗೊಳ್ಳುತ್ತದೆ, ಮೈ ತುರಿಸುತ್ತದೆ, ಕೆಂಪೇರುತ್ತದೆ, ಮಲಗಿಸಿದ ಮಾತ್ರಕ್ಕೆ ಶಮನವಾಗುವುದಿಲ್ಲ. ನಲವತ್ತು ವರ್ಷಗಳಿಗೂ ಹಿಂದಿನ ಒಂದು ಕ್ಷಣದ ಹೆದರಿಕೆ ಕೆಂಪು ಶಾಯಿಯ ರೂಪ ತಾಳಿ ಈ ಮನುಷ್ಯನ ಬೆನ್ನು ಹತ್ತಿತ್ತು.

ನಾನು ಆಯುರ್ವೇದ ವೈದ್ಯ. ಪ್ರತಿಜೀವಕಗಳನ್ನು ಬರೆಯುವುದು ನನ್ನ ಕ್ಷೇತ್ರವಲ್ಲ. ಆದರೆ ಹಳ್ಳಿಯ ವೈದ್ಯನ ಬಳಿಗೆ ರೋಗಿ ಎಲ್ಲ ಪದ್ಧತಿಗಳ ಚೀಟಿಗಳನ್ನೂ ಹಿಡಿದೇ ಬರುತ್ತಾನೆ. ಯಾರೋ ಕೊಟ್ಟ ಮಾತ್ರೆಯಿಂದ ಎದ್ದ ದದ್ದನ್ನು "ಇದು ಪಿತ್ತ ಇರಬಹುದೇನ್ರಿ" ಎಂದು ಮೊದಲು ತೋರಿಸುವುದು ನನಗೇ. ಆದ್ದರಿಂದ ಈ ವಿಷಯವನ್ನು ಬಲ್ಲವರಿಂದ ಕೇಳಿ, ಓದಿ ತಿಳಿದುಕೊಳ್ಳುವುದು ನನಗೆ ಅನಿವಾರ್ಯವಾಯಿತು. ಅದಕ್ಕೆ ನನ್ನದೇ ಒಂದು ತಪ್ಪೂ ಕಾರಣ. ಅದನ್ನು ಮುಂದೆ ಹೇಳುತ್ತೇನೆ.

ಅಲರ್ಜಿ ಎಂದರೇನು?

"ಅಲರ್ಜಿ" ಎಂಬ ಪದಕ್ಕೆ ನೂರಿಪ್ಪತ್ತು ವರ್ಷಗಳ ಇತಿಹಾಸವಷ್ಟೇ ಇದೆ. ವಿಯೆನ್ನಾ ನಗರದ ಮಕ್ಕಳ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ 1906ರಲ್ಲಿ ಅದನ್ನು ಸೃಷ್ಟಿಸಿದರು. ಅದಕ್ಕೂ ಮುನ್ನ, 1902ರಲ್ಲಿ, ಫ್ರಾನ್ಸಿನ ಶಾರ್ಲ್ ರಿಶೆ ಮತ್ತು ಪಾಲ್ ಪೋರ್ತಿಯೆ ಎಂಬ ವಿಜ್ಞಾನಿಗಳು ಸಮುದ್ರಜೀವಿಯೊಂದರ ವಿಷವನ್ನು ನಾಯಿಗಳಿಗೆ ಕೊಟ್ಟು ಪರೀಕ್ಷಿಸುತ್ತಿದ್ದರು. ಮೊದಲ ಪ್ರಮಾಣವನ್ನು ತಾಳಿಕೊಂಡ ನಾಯಿ, ಕೆಲವು ವಾರಗಳ ನಂತರ ಅತ್ಯಲ್ಪ ಪ್ರಮಾಣ ಕೊಟ್ಟಾಗ ನಿಮಿಷಗಳಲ್ಲಿ ಏದುಸಿರು ಬಿಟ್ಟು ಸತ್ತಿತು. ವಿಷಕ್ಕೆ ಒಗ್ಗಬೇಕಾದ ದೇಹ ಅದಕ್ಕೆ ಇನ್ನಷ್ಟು ಕೆರಳಿತ್ತು. ಈ ಸ್ಥಿತಿಗೆ ಅವರು ಅನಾಫಿಲಾಕ್ಸಿಸ್ ಎಂದು ಹೆಸರಿಟ್ಟರು. ಈ ಶೋಧಕ್ಕಾಗಿ ರಿಶೆಯವರಿಗೆ 1913ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಈ ಪ್ರಯೋಗದಲ್ಲಿ ನಮಗೆ ಬೇಕಾದ ಅಂಶವೊಂದಿದೆ. "ಹಿಂದೆಯೂ ಇದೇ ಮಾತ್ರೆ ತೊಗೊಂಡಿದ್ದೆ, ಏನೂ ಆಗಿರಲಿಲ್ಲ, ಈಗ ಅದರಿಂದ ಹೇಗೆ ಆದೀತು?" ಎಂದು ರೋಗಿಗಳು ವಾದಿಸುತ್ತಾರೆ. ಹಿಂದೆ ತೆಗೆದುಕೊಂಡದ್ದರಿಂದಲೇ ಈಗ ಆಗಿರಬಹುದು. ಮೊದಲ ಭೇಟಿಯಲ್ಲಿ ದೇಹದ ರಕ್ಷಣಾ ವ್ಯವಸ್ಥೆ ಆ ಔಷಧವನ್ನು ವೈರಿಯೆಂದು ತಪ್ಪಾಗಿ ಗುರುತಿಸಿ ಐಜಿಇ ಎಂಬ ಪ್ರತಿಕಾಯಗಳನ್ನು ತಯಾರಿಸುತ್ತದೆ. ಅವು ಚರ್ಮ, ಶ್ವಾಸನಾಳ, ಕರುಳುಗಳಲ್ಲಿರುವ ಮಾಸ್ಟ್ ಕೋಶಗಳ ಮೇಲೆ ಅಂಟಿ ಕಾಯುತ್ತಿರುತ್ತವೆ. ಅದೇ ಔಷಧ ಎರಡನೆಯ ಸಲವೋ ಐದನೆಯ ಸಲವೋ ಬಂದಾಗ ಆ ಕೋಶಗಳು ಒಮ್ಮೆಲೇ ಹಿಸ್ಟಮೀನ್ ಮೊದಲಾದ ದ್ರವ್ಯಗಳನ್ನು ಹೊರಚೆಲ್ಲುತ್ತವೆ. ರಕ್ತನಾಳಗಳು ಹಿಗ್ಗುತ್ತವೆ, ಶ್ವಾಸನಾಳ ಕುಗ್ಗುತ್ತದೆ.

ನಮ್ಮ ಶಾಸ್ತ್ರದಲ್ಲಿ ಇದಕ್ಕೆ ನೇರವಾದ ಸಂವಾದಿ ಇದೆಯೇ ಎಂದು ಹಲವರು ಕೇಳುತ್ತಾರೆ. ಮಾಧವನಿದಾನದಲ್ಲಿ ಶೀತಪಿತ್ತ, ಉದರ್ದ, ಕೋಠಗಳ ವರ್ಣನೆ ಇದೆ. ಚರ್ಮದ ಮೇಲೆ ಏಳುವ ಗಂಧೆಗಳನ್ನು ಅಲ್ಲಿ ಚೆನ್ನಾಗಿ ಗುರುತಿಸಲಾಗಿದೆ. ಚರಕಸಂಹಿತೆಯ ವಿಮಾನಸ್ಥಾನದ ಎಂಟನೆಯ ಅಧ್ಯಾಯದಲ್ಲಿ ರೋಗಿಯಲ್ಲಿ ಪರೀಕ್ಷಿಸಬೇಕಾದ ಹತ್ತು ವಿಷಯಗಳ ಪೈಕಿ "ಸಾತ್ಮ್ಯ"ವೂ ಒಂದು. ಅಂದರೆ ಈ ವ್ಯಕ್ತಿಗೆ ಯಾವುದು ಒಗ್ಗುತ್ತದೆ ಎಂಬುದು. ಔಷಧ ಕೊಡುವ ಮುನ್ನ ಅದನ್ನು ಕೇಳಬೇಕೆಂಬ ಶಿಸ್ತು ನಮ್ಮಲ್ಲಿ ಹಳೆಯದು. ಆದರೆ ಪ್ರತಿಕಾಯ, ಹಿಸ್ಟಮೀನುಗಳೆಲ್ಲವೂ ನಮ್ಮ ಗ್ರಂಥಗಳಲ್ಲಿಯೇ ಇದ್ದವು ಎಂದು ಹೇಳುವವರ ಸಾಲಿಗೆ ನಾನು ಸೇರುವುದಿಲ್ಲ. ಅಂತಹ ಮಾತಿನಿಂದ ಶಾಸ್ತ್ರಕ್ಕೂ ಗೌರವವಿಲ್ಲ, ರೋಗಿಗೂ ಪ್ರಯೋಜನವಿಲ್ಲ.

"ಆಗಿಬರುವುದಿಲ್ಲ" ಎಂಬ ಒಂದೇ ಮಾತಿನೊಳಗೆ ಹಲವು ಬೇರೆ ಬೇರೆ ಸಂಗತಿಗಳು ಅಡಗಿರುತ್ತವೆ. ಮಾತ್ರೆ ನುಂಗಿದರೆ ಹೊಟ್ಟೆ ತೊಳಸುವುದು, ಎರಡು ಸಲ ತೆಳ್ಳಗೆ ಭೇದಿಯಾಗುವುದು, ಬಾಯಿ ಕಹಿಯಾಗುವುದು, ಸ್ತ್ರೀಯರಲ್ಲಿ ಬಿಳಿಸೆರಗಿನೊಡನೆ ತುರಿಕೆ ಕಾಣಿಸುವುದು ಇವೆಲ್ಲ ಪ್ರತಿಜೀವಕಗಳ ಪಾರ್ಶ್ವಪರಿಣಾಮಗಳೇ ಹೊರತು ಅಲರ್ಜಿಯಲ್ಲ. ಅವು ತೊಂದರೆಯೇ ಸರಿ, ಆದರೆ ಆ ಔಷಧವನ್ನು ಜನ್ಮವಿಡೀ ವರ್ಜಿಸಲು ಕಾರಣವಲ್ಲ. "ನಮ್ಮ ಮನೆತನಕ್ಕೇ ಪೆನ್ಸಿಲಿನ್ ಆಗಿಬರಂಗಿಲ್ಲ" ಎನ್ನುವವರೂ ಉಂಟು. ತಂದೆಗೆ ಇದ್ದ ಅಲರ್ಜಿಯ ಕಾರಣಕ್ಕೆ ಮಗನಿಗೆ ಪೆನಿಸಿಲಿನ್ ನಿರಾಕರಿಸಬೇಕಾಗಿಲ್ಲ. ಇನ್ನು ಮಕ್ಕಳಲ್ಲಿ ಜ್ವರಕ್ಕೆಂದು ಅಮಾಕ್ಸಿಸಿಲಿನ್ ಕೊಟ್ಟ ಐದಾರು ದಿನಗಳಲ್ಲಿ ಏಳುವ ನವಿರಾದ ಕೆಂಪು ದದ್ದುಗಳಲ್ಲಿ ಹಲವು ಮೂಲ ವೈರಸ್ ಸೋಂಕಿನಿಂದಲೇ ಬಂದವಾಗಿರುತ್ತವೆ. ತಾಯಿ ಮಾತ್ರ ಔಷಧದ ಹೆಸರನ್ನೇ ನೆನಪಿಟ್ಟುಕೊಳ್ಳುತ್ತಾಳೆ.

ಅಮೆರಿಕದ ರೋಗನಿಯಂತ್ರಣ ಕೇಂದ್ರ ಪ್ರಕಟಿಸಿರುವ ಲೆಕ್ಕ ಇಲ್ಲಿ ಗಮನಾರ್ಹ. ಆ ದೇಶದಲ್ಲಿ ಸುಮಾರು 100ರಲ್ಲಿ 10 ಜನ ತಮಗೆ ಪೆನಿಸಿಲಿನ್ ಅಲರ್ಜಿ ಇದೆಯೆಂದು ಹೇಳಿಕೊಳ್ಳುತ್ತಾರೆ. ಕ್ರಮಬದ್ಧವಾಗಿ ಪರೀಕ್ಷಿಸಿದಾಗ ನಿಜವಾದ ಅಲರ್ಜಿ ಇರುವವರು 100ರಲ್ಲಿ ಒಬ್ಬರಿಗಿಂತಲೂ ಕಡಿಮೆ. ನಿಜವಾದ ತಕ್ಷಣದ ಅಲರ್ಜಿ ಇದ್ದವರಲ್ಲಿಯೂ ಹತ್ತು ವರ್ಷ ಕಳೆಯುವಷ್ಟರಲ್ಲಿ ಸುಮಾರು ಶೇ. 80ರಷ್ಟು ಮಂದಿಯಲ್ಲಿ ಅದು ಮಾಸಿಹೋಗಿರುತ್ತದೆ. ಇದನ್ನು ಓದಿ ಯಾರೂ ಮನೆಯಲ್ಲಿ ಮಾತ್ರೆ ನುಂಗಿ ಪರೀಕ್ಷಿಸಿಕೊಳ್ಳಬಾರದು. ಆ ಒಬ್ಬರು ನೀವೇ ಆಗಿರಬಹುದು.

ನಿಮಿಷಗಳ ಲೆಕ್ಕ

ಆ ಒಬ್ಬರಾಗಿದ್ದ ಗೃಹಿಣಿಯೊಬ್ಬರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಗಂಟಲು ನೋವೆಂದು, ಪಕ್ಕದ ಮನೆಯಲ್ಲಿ ಉಳಿದಿದ್ದ ಕ್ಯಾಪ್ಸೂಲನ್ನು ಇಸಿದುಕೊಂಡು ನುಂಗಿದ್ದರು. ಕಾಲು ಗಂಟೆಯೊಳಗೆ ಅಂಗೈ, ಅಂಗಾಲು ಉರಿದು ತುರಿಸಲಾರಂಭಿಸಿದವು. ಮೈಮೇಲೆಲ್ಲ ಗಂಧೆ. ಮನೆಯವರು ನಮ್ಮ ಕಡೆಯ ರೂಢಿಯಂತೆ ಕಂಬಳಿಯಿಂದ ಮೈ ತಿಕ್ಕಿದರು. ಅಷ್ಟರಲ್ಲಿ ತುಟಿ ಬಾತು, ಧ್ವನಿ ಗೊಗ್ಗರಾಯಿತು. ನನ್ನ ಚಿಕಿತ್ಸಾಲಯಕ್ಕೆ ಕರೆತಂದಾಗ ಅವರಿಗೆ ಮಾತು ಹೊರಡುತ್ತಿರಲಿಲ್ಲ. ನಾನು ಅವರನ್ನು ಒಳಗೆ ಇಳಿಸಿಕೊಳ್ಳದೆ, ಅದೇ ವಾಹನದಲ್ಲಿ ಕುಳಿತು, ಎರಡು ಕಿಲೋಮೀಟರ್ ದೂರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋದೆ. ದಾರಿಯಿಂದಲೇ ದೂರವಾಣಿ ಮಾಡಿದ್ದೆ. ಅಲ್ಲಿಯ ಯುವ ವೈದ್ಯೆ ಬಾಗಿಲಲ್ಲಿಯೇ ಸಿರಿಂಜ್ ಹಿಡಿದು ನಿಂತಿದ್ದರು. ತೊಡೆಯ ಹೊರಭಾಗದ ಸ್ನಾಯುವಿಗೆ ಅಡ್ರಿನಲಿನ್ ಚುಚ್ಚಿದ ಕೆಲವೇ ನಿಮಿಷಗಳಲ್ಲಿ ಉಸಿರು ಸಲೀಸಾಯಿತು.

ಪಿತ್ತಗಂಧೆ ಎದ್ದಾಗ ಕಂಬಳಿ ತಿಕ್ಕುವುದು, ಮಲೆನಾಡು ಕರಾವಳಿಗಳಲ್ಲಿ ಪುನರ್ಪುಳಿಯ ಸಾರು ಕುಡಿಸುವುದು ನಮ್ಮ ಹಿರಿಯರಿಂದ ಬಂದ ಉಪಚಾರಗಳು. ಬರಿಯ ಚರ್ಮದ ಮೇಲಿನ ಗಂಧೆಗೆ ಪುನರ್ಪುಳಿ ಕುಡಿಸಿದರೆ ನನ್ನ ಆಕ್ಷೇಪವಿಲ್ಲ. ಆದರೆ ಔಷಧ ಸೇವಿಸಿದ ಒಂದೆರಡು ಗಂಟೆಗಳೊಳಗೆ ಗಂಧೆಯ ಜೊತೆಗೆ ತುಟಿ, ನಾಲಿಗೆ ಬಾವು, ಧ್ವನಿ ಬದಲಾವಣೆ, ಉಬ್ಬಸ, ಪದೇಪದೇ ವಾಂತಿ, ತಲೆಸುತ್ತು ಇವುಗಳಲ್ಲಿ ಯಾವುದೊಂದು ಕಂಡರೂ ಅದು ಮನೆಯ ಉಪಚಾರದ ವಿಷಯವಲ್ಲ. ಆಗ ಬೇಕಾದುದು ಅಡ್ರಿನಲಿನ್. ಅವಿಲ್ ಅಥವಾ ಸೆಟ್ರಿಜಿನ್ ತುರಿಕೆಯನ್ನು ತಗ್ಗಿಸಬಲ್ಲವು, ಕುಸಿಯುತ್ತಿರುವ ರಕ್ತದೊತ್ತಡವನ್ನು ಎತ್ತಲಾರವು. ಸ್ಟಿರಾಯ್ಡ್ ಇಂಜೆಕ್ಷನ್ ಕೆಲಸ ಆರಂಭಿಸಲು ಗಂಟೆಗಳೇ ಬೇಕು. ವಯಸ್ಕರಿಗೆ 1:1000 ದ್ರಾವಣದ ಅರ್ಧ ಮಿಲಿಲೀಟರ್ ಅಡ್ರಿನಲಿನ್ನನ್ನು ಸ್ನಾಯುವಿಗೆ ಕೊಡುವುದು ಸರ್ವಮಾನ್ಯ ಕ್ರಮ. ಸುಧಾರಣೆ ಕಾಣದಿದ್ದರೆ ಐದು ನಿಮಿಷದ ನಂತರ ಮತ್ತೊಮ್ಮೆ ಕೊಡಬೇಕಾಗುತ್ತದೆ. ಅದು ಅಗ್ಗದ ಔಷಧ. ಇಂಜೆಕ್ಷನ್ ಕೊಡುವ ಜಾಗದಲ್ಲೆಲ್ಲ ಅದು ಇರಲೇಬೇಕು. ಇಂಜೆಕ್ಷನ್ ಹಾಕಿಸಿಕೊಳ್ಳುವ ಮುನ್ನ "ಅಡ್ರಿನಲಿನ್ ಐತೇನ್ರಿ?" ಎಂದು ಕೇಳಲು ಸಂಕೋಚಪಡಬೇಡಿ.

ವಾಹನ ಬರುವವರೆಗೆ ರೋಗಿಯನ್ನು ಮಲಗಿಸಿ ಕಾಲನ್ನು ಎತ್ತರಿಸಬೇಕು. ಉಸಿರಾಟ ಕಷ್ಟವಾಗಿದ್ದರೆ ಒರಗಿ ಕೂಡಲು ಬಿಡಬೇಕು. ನಡೆಸಿಕೊಂಡು ಹೋಗಬಾರದು. ಇಂಥವರು ಒಮ್ಮೆಲೇ ಎದ್ದು ನಿಂತಾಗ ಹೃದಯಕ್ಕೆ ರಕ್ತ ಮರಳದೆ ಪ್ರಾಣಾಪಾಯ ಆಗುವುದುಂಟು. 108ಕ್ಕೆ ಕರೆ ಮಾಡುವಾಗ "ಔಷಧದ ಅಲರ್ಜಿ, ಉಸಿರಾಟದ ತೊಂದರೆ" ಎಂದು ಸ್ಪಷ್ಟವಾಗಿ ಹೇಳಬೇಕು. ಚೇತರಿಸಿಕೊಂಡ ನಂತರವೂ ಕೆಲವು ಗಂಟೆ ಆಸ್ಪತ್ರೆಯಲ್ಲಿಯೇ ಇರಬೇಕು. ಔಷಧದ ಪ್ರಭಾವ ಇಳಿದ ಮೇಲೆ ಲಕ್ಷಣಗಳು ಎರಡನೆಯ ಸಲ ಮರುಕಳಿಸಬಹುದು.

ನಿಧಾನವಾಗಿ ಬರುವ ಅಪಾಯ

ಈಗ ನನ್ನ ತಪ್ಪಿನ ವಿಷಯ. ಸುಮಾರು ಇಪ್ಪತ್ತೈದು ವರ್ಷಗಳ ಹಿಂದಿನ ಮಾತು. ಇಪ್ಪತ್ತರ ತರುಣನೊಬ್ಬ ಜ್ವರ, ಕಣ್ಣು ಕೆಂಪು, ಬಾಯಲ್ಲಿ ಹುಣ್ಣು, ಎದೆಯ ಮೇಲೆ ಕಡುಗೆಂಪು ಚುಕ್ಕೆಗಳೊಡನೆ ಬಂದ. ಬೇಸಿಗೆಯ ಕಾಲ. ಪಿತ್ತಪ್ರಕೋಪವೆಂದು ತೀರ್ಮಾನಿಸಿ ಶೀತವೀರ್ಯದ ಔಷಧಗಳನ್ನು ಕೊಟ್ಟು, ಎಳನೀರು ಕುಡಿಯಲು ಹೇಳಿ ಕಳುಹಿಸಿದೆ. ಏನು ಮಾತ್ರೆ ತೆಗೆದುಕೊಳ್ಳುತ್ತಿದ್ದೀಯ ಎಂದು ಕೇಳಲಿಲ್ಲ. ಹತ್ತು ದಿನಗಳಿಂದ ಅವನು ಮೂತ್ರದ ಉರಿಗೆಂದು ಸಲ್ಫಾ ಮಾತ್ರೆ ನುಂಗುತ್ತಿದ್ದ. ನನ್ನ ಔಷಧದ ಜೊತೆಗೆ ಅದನ್ನೂ ಮುಂದುವರಿಸಿದ. ಮರುದಿನ ಬೆಳಿಗ್ಗೆ ಬಂದಾಗ ಚುಕ್ಕೆಗಳು ಬೊಬ್ಬೆಗಳಾಗಿದ್ದವು, ಬೆನ್ನಿನ ಚರ್ಮ ಸುಟ್ಟ ಗಾಯದಂತೆ ಸುಲಿಯತೊಡಗಿತ್ತು. ಜಿಲ್ಲಾ ಆಸ್ಪತ್ರೆಗೆ ಸಾಗಿಸಿದೆವು. ಬಹುದಿನಗಳ ಶುಶ್ರೂಷೆಯ ನಂತರ ಜೀವ ಉಳಿಯಿತು. ಒಂದು ಕಣ್ಣಿನ ದೃಷ್ಟಿ ಮಾತ್ರ ಮಂಜಾಗಿಯೇ ಉಳಿಯಿತು. ಒಂದು ದಿನ ಮೊದಲೇ ಆ ಮಾತ್ರೆ ನಿಂತಿದ್ದರೆ ಏನಾಗುತ್ತಿತ್ತೋ ನಾನು ಹೇಳಲಾರೆ. ಆದರೆ ಆ ಪ್ರಶ್ನೆ ಕೇಳದೆ ಬಿಟ್ಟವನು ನಾನು.

ಇದಕ್ಕೆ ಸ್ಟೀವನ್ಸ್ ಜಾನ್ಸನ್ ಸಿಂಡ್ರೋಮ್ ಎಂದು ಹೆಸರು. ಔಷಧ ಆರಂಭಿಸಿದ ಕೆಲವು ದಿನಗಳಿಂದ ನಾಲ್ಕು ವಾರಗಳ ಒಳಗೆ ಸಾಮಾನ್ಯವಾಗಿ ಕಾಣಿಸಿಕೊಳ್ಳುತ್ತದೆ. ಕೋ-ಟ್ರೈಮಾಕ್ಸಜೋಲ್ ಎಂಬ ಸಲ್ಫಾ ಪ್ರತಿಜೀವಕ ಇದರ ಪ್ರಮುಖ ಕಾರಣಗಳಲ್ಲಿ ಒಂದು. ಮೂರ್ಛೆರೋಗದ ಕೆಲವು ಔಷಧಗಳು, ಯೂರಿಕ್ ಆಮ್ಲ ತಗ್ಗಿಸುವ ಅಲೋಪ್ಯೂರಿನಾಲ್ ಸಹ ಕಾರಣವಾಗುತ್ತವೆ. ಇದು ವಿರಳ. ಆದರೆ ದದ್ದಿನೊಡನೆ ಜ್ವರ, ಚರ್ಮ ಮುಟ್ಟಿದರೆ ನೋವು, ಬಾಯಿ, ಕಣ್ಣು ಅಥವಾ ಜನನಾಂಗದ ಒಳಪೊರೆಯಲ್ಲಿ ಹುಣ್ಣು, ಮುಖದ ಬಾವು ಇವು ಕಂಡರೆ ಸಂಶಯದ ಔಷಧವನ್ನು ಆ ಕ್ಷಣವೇ ನಿಲ್ಲಿಸಿ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಇಂತಹ ಪ್ರತಿಕ್ರಿಯೆ ಒಮ್ಮೆ ಆದವರಿಗೆ ಆ ಔಷಧವನ್ನು ಮತ್ತೆಂದೂ ಕೊಡುವಂತಿಲ್ಲ. ಪರೀಕ್ಷೆಗಾಗಿ ಸ್ವಲ್ಪವೂ ಕೊಡುವಂತಿಲ್ಲ.

ಇದರಷ್ಟು ಘೋರವಲ್ಲದ, ಆದರೆ ಮೇಲಿಂದ ಮೇಲೆ ಕಾಣುವ ಇನ್ನೊಂದು ಬಗೆಯಿದೆ. ತುಟಿಯ ಮೇಲೋ ಕೈಯ ಮೇಲೋ ಗುಪ್ತಾಂಗದ ಮೇಲೋ ಒಂದು ದುಂಡನೆಯ ಕೆಂಪು ಕಲೆ ಎದ್ದು, ಉರಿದು, ಕಪ್ಪಾಗಿ ಉಳಿಯುತ್ತದೆ. ಆರು ತಿಂಗಳ ಬಳಿಕ ಸರಿಯಾಗಿ ಅದೇ ಜಾಗದಲ್ಲಿ ಮತ್ತೆ ಕೆರಳುತ್ತದೆ. ಜನ ಇದನ್ನು ಉಷ್ಣವೆನ್ನುತ್ತಾರೆ, ಹಲ್ಲಿ ಮೂತ್ರವೆನ್ನುತ್ತಾರೆ, ಗುಪ್ತಾಂಗದಲ್ಲಾದರೆ ಹೇಳಿಕೊಳ್ಳಲಾಗದೆ ದಂಪತಿಗಳ ನಡುವೆ ಸಂಶಯಕ್ಕೂ ಎಡೆಯಾಗುತ್ತದೆ. ವಿಚಾರಿಸಿದರೆ, ಪ್ರತಿ ಸಲವೂ ಭೇದಿಗೆಂದು ಅಂಗಡಿಯಿಂದ ತಂದ ಒಂದೇ ಬಗೆಯ ಮಾತ್ರೆ ನುಂಗಿರುತ್ತಾರೆ. ನಾರ್ಫ್ಲಾಕ್ಸಾಸಿನ್, ಟಿನಿಡಜೋಲ್, ಆರ್ನಿಡಜೋಲ್, ಸಲ್ಫಾ ಹಾಗೂ ಕೆಲವು ನೋವಿನ ಮಾತ್ರೆಗಳು ಇದಕ್ಕೆ ಕಾರಣವಾಗಬಲ್ಲವು. ಕಲೆಗೆ ಮುಲಾಮು ಹಚ್ಚುವುದಕ್ಕಿಂತ ಆ ಮಾತ್ರೆಯ ಹೆಸರನ್ನು ಪತ್ತೆಮಾಡುವುದು ಮುಖ್ಯ.

ಟೆಸ್ಟ್ ಡೋಸ್ ಎಂಬ ನಂಬಿಕೆ

ಇಂಜೆಕ್ಷನ್ನಿಗೆ ಮುನ್ನ ಮುಂಗೈಯ ಚರ್ಮದೊಳಗೆ ತುಸು ಔಷಧ ಚುಚ್ಚಿ, ಸುತ್ತ ಪೆನ್ನಿನಿಂದ ಗೆರೆ ಎಳೆದು ಕಾಯುವ ಪದ್ಧತಿಯನ್ನು ಎಲ್ಲರೂ ನೋಡಿದ್ದೀರಿ. ಊದಿಕೊಂಡರೆ ಔಷಧ ಕೊಡುವುದಿಲ್ಲ. ಊದದಿದ್ದರೆ ಇನ್ನು ಭಯವಿಲ್ಲವೆಂದು ಭಾವಿಸಲಾಗುತ್ತದೆ. ಈ ಎರಡನೆಯ ಭಾವನೆ ಪೂರ್ತಿ ಸರಿಯಲ್ಲ. ಕ್ರಮಬದ್ಧವಾದ ಪೆನಿಸಿಲಿನ್ ಚರ್ಮಪರೀಕ್ಷೆಯಲ್ಲಿ ಪೆನಿಸಿಲಿನ್ ಮಾತ್ರವಲ್ಲ, ಅದು ದೇಹದಲ್ಲಿ ಮಾರ್ಪಾಡುಗೊಂಡು ಉಂಟಾಗುವ ಅಂಶಗಳನ್ನೂ ಬಳಸುತ್ತಾರೆ, ಹೋಲಿಕೆಗೆ ಲವಣಜಲ ಮತ್ತು ಹಿಸ್ಟಮೀನನ್ನೂ ಚುಚ್ಚುತ್ತಾರೆ. ಅವಸರದ ಟೆಸ್ಟ್ ಡೋಸಿನಲ್ಲಿ ಇವಾವುವೂ ಇರುವುದಿಲ್ಲ. ಕೆಲವು ಔಷಧಗಳು ಅಲರ್ಜಿ ಇಲ್ಲದವರ ಚರ್ಮವನ್ನೂ ಕೆರಳಿಸುತ್ತವೆ. ಮೊದಲು ಹೇಳಿದ ತರುಣನಿಗಾದಂತಹ ನಿಧಾನದ ಪ್ರತಿಕ್ರಿಯೆಯನ್ನು ಈ ಪರೀಕ್ಷೆ ಮುನ್ಸೂಚಿಸಲಾರದು. ಅಪರೂಪಕ್ಕೆ ಟೆಸ್ಟ್ ಡೋಸಿನಿಂದಲೇ ಅನಾಫಿಲಾಕ್ಸಿಸ್ ಆಗುವುದೂ ಉಂಟು. ಆದುದರಿಂದ ಪೆನ್ನಿನ ಗೆರೆಗಿಂತ ಮೊದಲು ಬಾಯಿಮಾತಿನ ವಿಚಾರಣೆ, ಪಕ್ಕದಲ್ಲಿ ಅಡ್ರಿನಲಿನ್, ಇಂಜೆಕ್ಷನ್ ಆದ ಮೇಲೆ ಅರ್ಧ ಗಂಟೆ ಅಲ್ಲಿಯೇ ಕುಳಿತಿರುವುದು ಇವು ಮೂರೂ ಬೇಕು. ಬಸ್ಸಿಗೆ ಹೊತ್ತಾಯಿತೆಂದು ಎದ್ದು ಓಡುವವರನ್ನು ನಾನು ಗದರಿಸಿ ಕೂರಿಸುತ್ತೇನೆ.

ಹಾಗಾದರೆ ಯಾವ ಔಷಧ?

ಮೊಟ್ಟಮೊದಲ ಪ್ರಶ್ನೆ, ಪ್ರತಿಜೀವಕ ಬೇಕೇ ಎಂಬುದು. ನೆಗಡಿ, ಸಾಮಾನ್ಯ ಕೆಮ್ಮು, ಬಹುಪಾಲು ಗಂಟಲು ನೋವುಗಳು ವೈರಸ್ಸಿನಿಂದ ಬರುವಂಥವು. ಅವುಗಳ ಮೇಲೆ ಪ್ರತಿಜೀವಕ ಏನನ್ನೂ ಮಾಡದು. ಆ ಗೃಹಿಣಿ ಪ್ರಾಣಕ್ಕೆ ತಂದುಕೊಂಡದ್ದು ಬಹುಶಃ ಬೇಕೇ ಇಲ್ಲದ ಒಂದು ಕ್ಯಾಪ್ಸೂಲಿಗಾಗಿ. ಔಷಧದ ಪಟ್ಟಿಯ ಬೆನ್ನಿನ ಮೇಲೆ ಉದ್ದನೆಯ ಕೆಂಪು ಗೆರೆ ಇದ್ದರೆ ವೈದ್ಯರ ಚೀಟಿಯಿಲ್ಲದೆ ಅದನ್ನು ಕೊಳ್ಳಬಾರದೆಂದು ಅರ್ಥ. 2014ರ ಮಾರ್ಚ್ 1ರಿಂದ ಜಾರಿಗೆ ಬಂದ ಹೆಚ್1 ಅನುಸೂಚಿಯಡಿ ಹಲವು ಪ್ರಬಲ ಪ್ರತಿಜೀವಕಗಳನ್ನು ಮಾರುವಾಗ ರೋಗಿಯ, ವೈದ್ಯರ ಹೆಸರನ್ನು ಅಂಗಡಿಯವರು ಪುಸ್ತಕದಲ್ಲಿ ದಾಖಲಿಸಲೇಬೇಕು. ಎಷ್ಟು ಕಡೆ ದಾಖಲಾಗುತ್ತಿದೆ ಎಂಬುದನ್ನು ಓದುಗರೇ ಬಲ್ಲರು.

ಪ್ರತಿಜೀವಕ ಬೇಕೇಬೇಕು, ಪೆನಿಸಿಲಿನ್ ಅಲರ್ಜಿಯೂ ನಿಜ ಎಂದಾದರೆ ಅದರ ಬಳಗವನ್ನು ಅರಿತಿರಬೇಕು. ಅಮಾಕ್ಸಿಸಿಲಿನ್, ಆಂಪಿಸಿಲಿನ್, ಕ್ಲಾಕ್ಸಾಸಿಲಿನ್, ಪಿಪೆರಾಸಿಲಿನ್ ಇವೆಲ್ಲ ಒಂದೇ ಮನೆಯ ಮಕ್ಕಳು. ಆಗ್ಮೆಂಟಿನ್ ಎಂದು ಪ್ರಸಿದ್ಧವಾದ ಮಾತ್ರೆಯೊಳಗೂ ಇರುವುದು ಅಮಾಕ್ಸಿಸಿಲಿನ್ನೇ. ಬ್ರಾಂಡಿನ ಹೆಸರಿನಲ್ಲಿ "ಸಿಲಿನ್" ಎಂದು ಇಲ್ಲದ ಕಾರಣಕ್ಕೆ ಮೋಸಹೋದವರು ಅನೇಕರು. ಪಟ್ಟಿಯ ಮೇಲೆ ದೊಡ್ಡಕ್ಷರದ ಹೆಸರಿನ ಕೆಳಗೆ ಚಿಕ್ಕಕ್ಷರದಲ್ಲಿರುವ ರಾಸಾಯನಿಕ ಹೆಸರನ್ನು ಓದಬೇಕು. ಓದಲು ಬಾರದವರು ಅಂಗಡಿಯವರಿಂದ ಓದಿಸಬೇಕು.

ಸೆಫಾಲೊಸ್ಪೊರಿನ್‌ಗಳು ದಾಯಾದಿಗಳು. ಪೆನಿಸಿಲಿನ್ ಅಲರ್ಜಿ ಇದ್ದವರಲ್ಲಿ 100ಕ್ಕೆ 10 ಜನರಿಗೆ ಇವೂ ಆಗುವುದಿಲ್ಲವೆಂದು ಬಹುಕಾಲ ಕಲಿಸಲಾಗುತ್ತಿತ್ತು. ಆ ಹಳೆಯ ಲೆಕ್ಕಕ್ಕೆ ಒಂದು ಕಾರಣ, ಆರಂಭದ ದಿನಗಳ ಸೆಫಾಲೊಸ್ಪೊರಿನ್ ತಯಾರಿಕೆಗಳಲ್ಲಿ ಪೆನಿಸಿಲಿನ್ನಿನ ಅಂಶವೇ ಬೆರೆತಿರುತ್ತಿದ್ದುದು. ಈಗಿನ ತಿಳಿವಳಿಕೆಯಂತೆ ಅದು ಸುಮಾರು 100ಕ್ಕೆ 2ರಷ್ಟು. ಅಣುವಿನ ಪಾರ್ಶ್ವಸರಪಳಿ ಹೋಲುವಲ್ಲಿ ಅಪಾಯ ಹೆಚ್ಚು. ಅಮಾಕ್ಸಿಸಿಲಿನ್ನಿಗೆ ಸೆಫಡ್ರಾಕ್ಸಿಲ್, ಆಂಪಿಸಿಲಿನ್ನಿಗೆ ಸೆಫಲೆಕ್ಸಿನ್ ಹೀಗೆ ಹತ್ತಿರದವು. ಸೆಫ್ಟ್ರಿಯಾಕ್ಸೋನ್, ಸೆಫಿಕ್ಸಿಮ್, ಶಸ್ತ್ರಕ್ರಿಯೆಗೆ ಮುನ್ನ ಕೊಡುವ ಸೆಫಜೋಲಿನ್ ದೂರದವು. ಇದನ್ನು ತೂಗಿ ನೋಡಿ ಆಯ್ಕೆ ಮಾಡುವುದು ತಜ್ಞರ ಕೆಲಸ. ಆದರೆ "ಪೆನ್ಸಿಲಿನ್ ಕೊಟ್ಟಾಗ ಗಂಧೆ ಬಂದಿತ್ತು" ಎಂದಷ್ಟೇ ಹೇಳದೆ, ಆ ಔಷಧ ಯಾವುದಾಗಿತ್ತೆಂದು ನಿಖರವಾಗಿ ಹೇಳಿದರೆ ಮಾತ್ರ ಅವರು ತೂಗಬಲ್ಲರು.

ಬೇರೆ ಬಳಗದ ಔಷಧಗಳೂ ಉಂಟು. ಅಜಿಥ್ರೋಮೈಸಿನ್, ಡಾಕ್ಸಿಸೈಕ್ಲಿನ್, ಕ್ಲಿಂಡಮೈಸಿನ್, ಸಿಪ್ರೋಫ್ಲಾಕ್ಸಾಸಿನ್ ಇತ್ಯಾದಿ. ಆದರೆ ಪ್ರತಿಯೊಂದಕ್ಕೂ ಅದರದೇ ದೋಷವಿದೆ. ಮೊದಲನೆಯದನ್ನು ಹೃದಯದ ಲಯದ ತೊಂದರೆಯವರಿಗೆ ಎಚ್ಚರದಿಂದ ಕೊಡಬೇಕು. ಎರಡನೆಯದನ್ನು ಗರ್ಭಿಣಿಯರಿಗೆ ಸಾಮಾನ್ಯವಾಗಿ ಕೊಡುವುದಿಲ್ಲ. ಮೂರನೆಯದರಿಂದ ತೀವ್ರ ಭೇದಿ, ನಾಲ್ಕನೆಯದರಿಂದ ಸ್ನಾಯುರಜ್ಜುಗಳಿಗೆ ಹಾನಿ, ಮಧುಮೇಹಿಗಳಲ್ಲಿ ಸಕ್ಕರೆಯ ಏರಿಳಿತ ಆಗಬಹುದು. ಸುಳ್ಳು ಅಲರ್ಜಿಯ ಹಣೆಪಟ್ಟಿ ಹೊತ್ತವರು ಇವುಗಳನ್ನೂ, ಇನ್ನೂ ಪ್ರಬಲವಾದವುಗಳನ್ನೂ ವೃಥಾ ಸೇವಿಸುತ್ತಾರೆ. ಅದರಿಂದ ಔಷಧಕ್ಕೆ ಬಗ್ಗದ ಸೂಕ್ಷ್ಮಾಣುಗಳು ಬಲಿಯುತ್ತವೆ.

ಪೆನಿಸಿಲಿನ್ನಿಗೆ ಸಮನಾದ ಪರ್ಯಾಯವೇ ಇಲ್ಲದ ಸಂದರ್ಭಗಳೂ ಇವೆ. ಬಾಲ್ಯದಲ್ಲಿ ಸಂಧಿವಾತ ಜ್ವರ ಬಂದು ಹೃದಯದ ಕವಾಟ ಕೆಟ್ಟವರಿಗೆ ಮೂರು ವಾರಕ್ಕೊಮ್ಮೆ ಕೊಡುವ ಬೆಂಜಥೀನ್ ಪೆನಿಸಿಲಿನ್ ಇನ್ನಷ್ಟು ಹಾನಿಯಾಗದಂತೆ ತಡೆಯುತ್ತದೆ. ಎಲ್ಲೋ ಯಾರಿಗೋ ಏನೋ ಆಯಿತೆಂಬ ಸುದ್ದಿ ಕೇಳಿ ಅದನ್ನು ಅರ್ಧಕ್ಕೆ ಬಿಟ್ಟ ಮಕ್ಕಳನ್ನು ಕಂಡು ಮರುಗಿದ್ದೇನೆ. ಗರ್ಭಿಣಿಗೆ ಸಿಫಿಲಿಸ್ ಇದ್ದರೆ ಶಿಶುವನ್ನು ಉಳಿಸಲು ಪೆನಿಸಿಲಿನ್ನೇ ಬೇಕು. ಅಲರ್ಜಿ ನಿಜವಾಗಿದ್ದರೂ ಆಸ್ಪತ್ರೆಯಲ್ಲಿ ಅತ್ಯಲ್ಪ ಪ್ರಮಾಣದಿಂದ ಆರಂಭಿಸಿ, ಗಂಟೆಗಳ ಅವಧಿಯಲ್ಲಿ ಹಂತಹಂತವಾಗಿ ಹೆಚ್ಚಿಸುತ್ತ ದೇಹವನ್ನು ಒಗ್ಗಿಸಿ ಪೂರ್ಣ ಪ್ರಮಾಣ ಕೊಡುವ ಕ್ರಮವಿದೆ. ಹೀಗೆ ಬಂದ ಒಗ್ಗುವಿಕೆ ಆ ಚಿಕಿತ್ಸೆ ನಡೆಯುವಷ್ಟು ದಿನ ಮಾತ್ರ.

ನಮ್ಮ ಔಷಧಗಳ ವಿಷಯ

"ಇಂಗ್ಲಿಷ್ ಔಷಧ ಆಗಿಬರಂಗಿಲ್ಲ, ಆಯುರ್ವೇದದಾಗ ಏನರ ಕೊಡ್ರಿ" ಎಂದು ನ್ಯುಮೋನಿಯಾ ರೋಗಿಯನ್ನು ಕರೆತಂದವರಿದ್ದಾರೆ. ತೀವ್ರ ನ್ಯುಮೋನಿಯಾ, ರಕ್ತದ ಸೋಂಕು, ಮೆದುಳುಪೊರೆಯ ಉರಿಯೂತಗಳಲ್ಲಿ ಪ್ರತಿಜೀವಕದ ಬದಲಿಗೆ ಕೊಡಬಹುದಾದ ಕಷಾಯ ನನ್ನಲ್ಲಿ ಇಲ್ಲ. ಇದೆ ಎನ್ನುವವರನ್ನು ನಂಬಬೇಡಿ. ಚೇತರಿಕೆಯ ದಿನಗಳಲ್ಲಿ ಅಗ್ನಿಬಲ ಹೆಚ್ಚಿಸಲು, ಆಹಾರವನ್ನು ಕ್ರಮಗೊಳಿಸಲು ನಮ್ಮ ಶಾಸ್ತ್ರ ಬಹಳಷ್ಟು ಮಾಡಬಲ್ಲದು. ಅದಕ್ಕೆ ಅದರದೇ ಕಾಲವಿದೆ.

ಆಯುರ್ವೇದದ ಔಷಧಗಳಿಗೆ ಅಲರ್ಜಿಯೇ ಇಲ್ಲವೆಂಬುದೂ ಭ್ರಮೆ. ಕೇರುಬೀಜ, ಅಂದರೆ ಭಲ್ಲಾತಕ, ಶುದ್ಧಿಯಾಗದಿದ್ದರೆ ಮೈಯೆಲ್ಲ ಬೊಬ್ಬೆ ಎಬ್ಬಿಸುವುದನ್ನು ಹಳ್ಳಿಯವರೆಲ್ಲ ಬಲ್ಲರು. ಗುಗ್ಗುಳದಿಂದ ಕೆಲವರಿಗೆ ಚರ್ಮದ ಮೇಲೆ ದದ್ದು ಬರುತ್ತದೆ. ಇನ್ನೊಂದು ಪ್ರಶ್ನೆಯನ್ನು ಚೀಟಿ ಓದಬಲ್ಲ ರೋಗಿಗಳೇ ಹೆಚ್ಚಾಗಿ ಕೇಳುತ್ತಾರೆ. "ನನಗ ಸಲ್ಫಾ ಅಲರ್ಜಿ ಐತಿ, ನೀವು ಗಂಧಕ ರಸಾಯನ ಬರದೀರಲ್ರಿ?" ಗಂಧಕ ಒಂದು ಮೂಲಧಾತು. ಸಲ್ಫಾ ಔಷಧಗಳೆಂಬವು ಗಂಧಕದ ಪರಮಾಣುವನ್ನು ಒಳಗೊಂಡ, ಬೇರೆಯೇ ರಚನೆಯ ಸಂಯುಕ್ತಗಳು. ಅಲರ್ಜಿ ಬರುವುದು ಆ ರಚನೆಗೆ, ಗಂಧಕಕ್ಕಲ್ಲ. ನಾವು ತಿನ್ನುವ ಬೇಳೆ, ಬೆಳ್ಳುಳ್ಳಿಗಳಲ್ಲಿಯೂ ಗಂಧಕವಿದೆ. ಕೇಳಿದ್ದು ತಪ್ಪೆಂದು ನಾನು ಎಂದೂ ಹೇಳುವುದಿಲ್ಲ. ಹೀಗೆ ಕೇಳುವ ರೋಗಿಯೇ ನನಗೆ ಬೇಕು.

ಅಲರ್ಜಿ ಇದ್ದವರು ಒಂದು ಚೀಟಿಯನ್ನು ಆಧಾರ್ ಕಾರ್ಡಿನ ಜೊತೆಗೆ ಇಟ್ಟುಕೊಳ್ಳಿ. ಔಷಧದ ರಾಸಾಯನಿಕ ಹೆಸರು, ಯಾವ ವರ್ಷ, ಸೇವಿಸಿದ ಎಷ್ಟು ಹೊತ್ತಿಗೆ ಏನಾಯಿತು, ಆಸ್ಪತ್ರೆಗೆ ಸೇರಿಸಬೇಕಾಯಿತೇ, ಆ ಬಳಿಕ ಅದೇ ಬಳಗದ ಔಷಧವನ್ನು ತೊಂದರೆಯಿಲ್ಲದೆ ಸೇವಿಸಿದ್ದುಂಟೇ ಇಷ್ಟನ್ನು ವೈದ್ಯರಿಂದ ಬರೆಸಿಕೊಳ್ಳಿ. ದದ್ದು ಎದ್ದಾಗ ಮೊಬೈಲಿನಲ್ಲಿ ಅದರದೊಂದು ಚಿತ್ರ, ಮಾತ್ರೆಯ ಪಟ್ಟಿಯದೊಂದು ಚಿತ್ರ ತೆಗೆದಿಡಿ. ವಾರ ಕಳೆದು ಬಂದು ಕೈಸನ್ನೆಯಲ್ಲಿ ವರ್ಣಿಸುವುದಕ್ಕಿಂತ ಅದು ಎಷ್ಟೋ ಮೇಲು. ಔಷಧದಿಂದಾದ ತೊಂದರೆಯನ್ನು ಭಾರತದ ಔಷಧ ಜಾಗರೂಕತಾ ಕಾರ್ಯಕ್ರಮದ ಉಚಿತ ದೂರವಾಣಿ 1800-180-3024ಕ್ಕೆ ರೋಗಿಯ ಮನೆಯವರೂ ತಿಳಿಸಬಹುದು.

ಆ ರೈತರನ್ನು ನಾನು ಪತ್ರ ಕೊಟ್ಟು ನಗರದ ಆಸ್ಪತ್ರೆಯ ವೈದ್ಯರಲ್ಲಿಗೆ ಕಳುಹಿಸಿದೆ. ಅವರು ಮತ್ತೊಮ್ಮೆ ಎಲ್ಲವನ್ನೂ ವಿಚಾರಿಸಿ, ಒಳರೋಗಿಯಾಗಿ ಇರಿಸಿಕೊಂಡು, ಮೊದಲು ಚಿಕ್ಕ ಪ್ರಮಾಣದಲ್ಲಿ, ಬಳಿಕ ಪೂರ್ಣ ಪ್ರಮಾಣದಲ್ಲಿ ಅಮಾಕ್ಸಿಸಿಲಿನ್ ಕೊಟ್ಟು ಗಮನಿಸಿದರು. ಏನೂ ಆಗಲಿಲ್ಲ. ಅಲ್ಲಿಂದ ಮುಂದಿನ ಚಿಕಿತ್ಸೆ ಅದೇ ಬಳಗದ ಔಷಧದಿಂದ ನಡೆದು, ಎರಡು ತಿಂಗಳಲ್ಲಿ ಹುಣ್ಣು ಮಾಯಿತು, ಬೆರಳು ಉಳಿಯಿತು. ಮರುವರ್ಷದ ಜಾತ್ರೆಯಲ್ಲಿ ದಂಪತಿಗಳಿಬ್ಬರೂ ಬಂದು ಫೈಲನ್ನು ತೋರಿಸಿದರು. ಕೆಂಪು ಶಾಯಿಯ ಮೇಲೆ ನೀಲಿ ಗೆರೆ ಎಳೆದು, ದಿನಾಂಕ ಹಾಕಿ ವೈದ್ಯರು ಸಹಿ ಮಾಡಿದ್ದರು. ಎಂಬತ್ತು ದಾಟಿದ ಅವರ ತಾಯಿ ಮಾತ್ರ ಇದನ್ನು ಇನ್ನೂ ನಂಬಿಲ್ಲವಂತೆ. ಮಗ ದವಾಖಾನೆಗೆ ಹೊರಟಾಗಲೆಲ್ಲ, "ಪೆನ್ಸಿಲಿನ್ ಬ್ಯಾಡಂತ ಹೇಳೋ ಯಪ್ಪಾ" ಎಂದು ಬಾಗಿಲವರೆಗೂ ಬಂದು ಹೇಳುತ್ತಾರಂತೆ.